ಕರಾವಳಿಯ ಸಣ್ಣ ಮ್ಯೂಸಿಯಂ, ಕಾಂಡ್ಲವನ, ಕಲ್ಲಿನ ದ್ವೀಪ: ಹೊರಡುವ ಮುಂಚೆ ಓದಿಕೊಳ್ಳಿ

“ಎರಡು ದಿನಕ್ಕೆ ಕರಾವಳಿಗೆ ಬರ್ತಿದ್ದೇವೆ. ದೇವಸ್ಥಾನ, ಬೀಚು ಎಲ್ಲ ನೋಡಿ ಆಗಿದೆ. ಬೇರೆ ಏನುಂಟು?” ವರ್ಷವಿಡೀ ಕೇಳಿಬರುವ ಪ್ರಶ್ನೆ ಇದು. ಅಕ್ಟೋಬರ್ ಬಂತೆಂದರೆ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮಂಗಳೂರಿನಿಂದ ಕಾರವಾರದವರೆಗೆ, ರಾಷ್ಟ್ರೀಯ ಹೆದ್ದಾರಿ 66ರ ಆಚೆ ಈಚೆ ನೋಡುವಂಥ ಸಣ್ಣ ಜಾಗಗಳು ಬೇಕಾದಷ್ಟಿವೆ. ಬಂದವರಿಗೆ ಅವು ತಪ್ಪಿಹೋಗುವುದು ಹೊತ್ತು ಹೊಂದಿಸಿಕೊಳ್ಳದೇ ಇರುವುದರಿಂದ. ಸಣ್ಣ ಮ್ಯೂಸಿಯಂ ನಡೆಯುವುದು ಅಲ್ಲಿರುವ ಒಬ್ಬಿಬ್ಬರು ಸಿಬ್ಬಂದಿಯ ಅನುಕೂಲಕ್ಕೆ. ದ್ವೀಪ, ಅಳಿವೆ, ಕಾಂಡ್ಲವನ ನಡೆಯುವುದು ಸಮುದ್ರದ ಅನುಕೂಲಕ್ಕೆ. (ಅಳಿವೆ ಎಂದರೆ ಹೊಳೆ ಕಡಲು ಸೇರುವ ಬಾಯಿ. ಕಾಂಡ್ಲ ಎಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ.) ಇವೆರಡನ್ನೂ ಮೊದಲೇ ವಿಚಾರಿಸಿಕೊಂಡು ಹೊರಟರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

1. ಮೊದಲು ತಿಂಗಳು, ಆಮೇಲೆ ವಾರ ನೋಡಿ

ಪ್ರಕೃತಿ ತಾಣಗಳು ಮುಖ್ಯವಾದರೆ ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಾರ್ಚ್ ದಾಟಿದ ಮೇಲೆ ಸೆಕೆ. ಬೆಂಗಳೂರು, ಮೈಸೂರಿನ ಕಡೆಯಿಂದ ಬರುವವರಿಗೆ ಬಿಸಿಲಿಗಿಂತ ಗಾಳಿಯಲ್ಲಿರುವ ತೇವವೇ ಸುಸ್ತು ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೂ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಜುಲೈಯಲ್ಲಿ ಬಂದು “ದ್ವೀಪಕ್ಕೆ ಹೋಗಲಿಕ್ಕೆ ಆಗುವುದಿಲ್ವಾ?” ಎಂದು ಬೇಸರ ಮಾಡಿಕೊಳ್ಳುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಹಾಗಂತ ಮಳೆಗಾಲದಲ್ಲಿ ಬರಲೇಬಾರದು ಎಂದಲ್ಲ. ಆಗ ಸಮುದ್ರವನ್ನು ದೂರದಿಂದ ನೋಡಿ, ದಿನವನ್ನು ಮ್ಯೂಸಿಯಂಗಳಿಗೆ ಮೀಸಲಿಡಿ. ಹೆಂಚಿನ ಮಾಡಿನ ಮೇಲೆ ಮಳೆ ಸುರಿಯುತ್ತಿರುವಾಗ ಹಳೆಯ ಮನೆಯೊಳಗೆ ನಿಲ್ಲುವ ಸುಖ ಬೇಸಿಗೆಯಲ್ಲಿ ಸಿಗುವುದಿಲ್ಲ. ಆ ಮನೆಗಳಿಗೆ ಅಷ್ಟು ಇಳಿಜಾರಿನ ಮಾಡು, ಅಷ್ಟು ತಗ್ಗಿದ ಸೂರು ಯಾಕೆ ಬೇಕಿತ್ತು ಎನ್ನುವುದು ಆಗಲೇ ಅರ್ಥವಾಗುವುದು.

ಇನ್ನು ವಾರ. ಸೋಮವಾರವನ್ನು ಪ್ರಯಾಣಕ್ಕೆ ಬಿಟ್ಟುಬಿಡಿ. ಸರ್ಕಾರಿ ಮ್ಯೂಸಿಯಂಗಳಿಗೂ ಮಂಗಳೂರಿನ ಪಿಲಿಕುಳಕ್ಕೂ ಸಾಮಾನ್ಯವಾಗಿ ಅವತ್ತೇ ರಜೆ. ಕಾಲೇಜಿನ ಆವರಣದಲ್ಲಿರುವ ಮ್ಯೂಸಿಯಂಗಳ ಲೆಕ್ಕ ಬೇರೆ. ಅವು ಕಾಲೇಜಿನ ರಜೆಗೆ ಮುಚ್ಚುತ್ತವೆ, ಹಾಗಾಗಿ ಭಾನುವಾರವನ್ನು ನೆಚ್ಚಿಕೊಂಡು ಹೋಗಬೇಡಿ. ಎಲ್ಲ ಸೇರಿಸಿ ನೋಡಿದರೆ ಮಂಗಳವಾರದಿಂದ ಶನಿವಾರದೊಳಗೆ ಬರುವುದು ಕ್ಷೇಮ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿಯಲ್ಲಿ ಪರ್ಯಾಯ (ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಉತ್ಸವ) ನಡೆಯುತ್ತದೆ. ಪರ್ಯಾಯ ನೋಡಲೆಂದೇ ಬರುವುದಾದರೆ ಸರಿ, ಇಲ್ಲವಾದರೆ ಆ ಆಸುಪಾಸಿನ ದಿನಗಳಲ್ಲಿ ಉಡುಪಿಯಲ್ಲಿ ರೂಮೂ ಸಿಗುವುದಿಲ್ಲ, ಗಾಡಿ ನಿಲ್ಲಿಸಲು ಜಾಗವೂ ಸಿಗುವುದಿಲ್ಲ.

2. ದಿನಕ್ಕೆ ಮೂರೇ ಜಾಗ ಆರಿಸಿ

ಸಣ್ಣ ಮ್ಯೂಸಿಯಂ ಎಂದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂದುಕೊಂಡು ದಿನಕ್ಕೆ ಆರೇಳು ಜಾಗ ಬರೆದುಕೊಂಡು ಬರುತ್ತಾರೆ. ಸಂಜೆಗೆ ಯಾವುದೂ ನೆನಪಿರುವುದಿಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಸಾಕು. ಊರಿನ ಲೆಕ್ಕದಲ್ಲಿ ನಾನು ಮೊದಲು ಹೇಳುವುದು ಇವನ್ನು.

ಮಂಗಳೂರು: ಬಿಜೈಯಲ್ಲಿ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದ ಹತ್ತಿರ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಹಡಗಿನ ಆಕಾರದ ಕಟ್ಟಡ. ಕರ್ನಲ್ ಮಿರಜ್‌ಕರ್ ತಮ್ಮ ತಾಯಿಯ ನೆನಪಿಗೆಂದು ಕೊಟ್ಟದ್ದು, 1960ರಲ್ಲಿ ಮ್ಯೂಸಿಯಂ ಆಯಿತು. ಒಳಗೆ ಹೋಗುವ ಮುಂಚೆ ರಸ್ತೆಯ ಕಡೆಯಿಂದ ಒಮ್ಮೆ ಕಟ್ಟಡವನ್ನೇ ನೋಡಿ. ಲೈಟ್‌ಹೌಸ್ ಹಿಲ್‌ನಲ್ಲಿರುವ ಸೇಂಟ್ ಅಲೋಶಿಯಸ್ ಸಂಸ್ಥೆಯ ‘ಅಲೋಶಿಯಂ’ 1913ರಲ್ಲಿ ಶುರುವಾದದ್ದು. ಮಂಗಳೂರಿಗೆ ಬಂದ ಮೊದಲ ಕಾರು ಎಂದು ಹೆಸರಾದ ಡಿ ಡಿಯೋನ್ ಗಾಡಿ ಅಲ್ಲಿದೆ. ಅದೇ ಆವರಣದ ಚಾಪೆಲ್ ತಪ್ಪಿಸಬೇಡಿ. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಶುರುಮಾಡಿ ಸುಮಾರು ಎರಡೂವರೆ ವರ್ಷದಲ್ಲಿ ಗೋಡೆ, ಚಾವಣಿ ಪೂರ್ತಿ ಚಿತ್ರ ಬರೆದರು. ಗೋಡೆಯ ಮೇಲಿರುವುದು ಫ್ರೆಸ್ಕೊ, ಅಂದರೆ ಹಸಿ ಗಾರೆ ಆರುವ ಮೊದಲೇ ಬಣ್ಣ ಹಚ್ಚುವ ವಿಧಾನ. ಚಾವಣಿಯದ್ದು ಬಟ್ಟೆಯ ಮೇಲೆ ಬರೆದದ್ದು. ಊರ ಹೊರಗೆ ಪಿಲಿಕುಳ ನಿಸರ್ಗಧಾಮ (ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ). ಪ್ರಾಣಿ ಸಂಗ್ರಹಾಲಯಕ್ಕೆಂದು ಬರುವವರು ಅಲ್ಲಿನ ಗುತ್ತಿನಮನೆಯನ್ನೂ ಕುಶಲಕರ್ಮಿಗಳ ಗ್ರಾಮವನ್ನೂ ನೋಡದೇ ಹೋಗುತ್ತಾರೆ. ಗುತ್ತಿನಮನೆ ಎಂದರೆ ಹಿಂದೆ ಊರಿನ ಆಡಳಿತ ನಡೆಸುತ್ತಿದ್ದ ಮನೆತನದ ದೊಡ್ಡಮನೆ. ಪಿಲಿಕುಳಕ್ಕೆ ಕಡಿಮೆಯೆಂದರೂ ಅರ್ಧ ದಿನ ಬೇಕು. ಬಿ.ಸಿ. ರೋಡ್‌ನ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಮ್ಯೂಸಿಯಂ ನನಗೆ ಬಹಳ ಇಷ್ಟದ್ದು. ತುಳುನಾಡಿನ ದಿನನಿತ್ಯದ ಬದುಕು ಅಲ್ಲಿದೆ.

ಉಡುಪಿ: ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ದೊಡ್ಡದೇ ಆದರೂ ಈ ಪಟ್ಟಿಯಲ್ಲಿ ಇರಲೇಬೇಕು. ಬಿದ್ದುಹೋಗಲಿದ್ದ ಮನೆಗಳನ್ನು ವಿಜಯನಾಥ ಶೆಣೈ ಅವರು ತೊಲೆ, ಕಂಬ, ಬಾಗಿಲು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲ್ ಮಹಲ್, ದಖ್ಖನಿ ನವಾಬರ ಮಹಲು ಒಂದೇ ಆವರಣದಲ್ಲಿವೆ. ಮಾರ್ಗದರ್ಶಕರ ಜೊತೆಯಲ್ಲೇ ನೋಡಬೇಕು, ಎರಡು ಮೂರು ಗಂಟೆ ಹಿಡಿಯುತ್ತದೆ, ಟಿಕೆಟ್ ಬೇರೆ ಕಡೆಗಿಂತ ಜಾಸ್ತಿ. ಮಣಿಪಾಲದ್ದೇ ಅಂಗರಚನಾ ಮ್ಯೂಸಿಯಂನಲ್ಲಿ ಮನುಷ್ಯ ದೇಹದ ಭಾಗಗಳನ್ನು ದ್ರಾವಣದಲ್ಲಿ ಕಾಪಿಟ್ಟು ತೋರಿಸುತ್ತಾರೆ. ಪಿಯುಸಿ ಓದುವ ಮಕ್ಕಳಿಗೆ ಅದು ಬಂಗಾರ, ಎಂಟು ವರ್ಷದೊಳಗಿನವರನ್ನು ಕರೆದುಕೊಂಡು ಹೋಗುವ ಮೊದಲು ಯೋಚಿಸಿ. ಉಡುಪಿ ಪೇಟೆಯಲ್ಲಿ ನಾಣ್ಯಗಳ ಮ್ಯೂಸಿಯಂ ಇದೆ, 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಅವರು ಇದ್ದ ಮನೆಯಲ್ಲಿ. ಆ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕ್ ಜೊತೆ ವಿಲೀನವಾಯಿತು, ಹಾಗಾಗಿ ದಾರಿ ಕೇಳುವಾಗ ಹಳೆಯ ಹೆಸರು ಹೇಳಿದರೇ ಜನರಿಗೆ ಬೇಗ ಗೊತ್ತಾಗುತ್ತದೆ. ಸಂಜೆಗೆ ಕಾಪು ದೀಪಸ್ತಂಭ, 1901ರದ್ದು. ಮೇಲೆ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ.

ಉತ್ತರ ಕನ್ನಡ: ಹೊನ್ನಾವರದ ಶರಾವತಿ ಕಾಂಡ್ಲವನ, ಪಕ್ಕದಲ್ಲೇ ಬ್ಲೂ ಫ್ಲ್ಯಾಗ್ ಸಿಕ್ಕಿರುವ ಕಾಸರಕೋಡು ಬೀಚ್, ಕುಮಟಾ ಹತ್ತಿರ ಮಿರ್ಜಾನ್ ಕೋಟೆ, ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಯುದ್ಧನೌಕೆ. (ಬ್ಲೂ ಫ್ಲ್ಯಾಗ್ ಎಂದರೆ ನೀರಿನ ಶುದ್ಧತೆ, ಸುರಕ್ಷತೆ ಮುಂತಾದ 33 ಮಾನದಂಡ ನೋಡಿ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ. ಕಾಸರಕೋಡಿಗೂ ಪಡುಬಿದ್ರಿಗೂ 2020ರಲ್ಲಿ ಸಿಕ್ಕಿತು.) ಮಂಗಳೂರಿನಿಂದ ಕಾರವಾರಕ್ಕೆ ಹತ್ತಿರಹತ್ತಿರ 270 ಕಿಲೋಮೀಟರ್. ಎರಡೇ ದಿನ ಇದ್ದರೆ ಮಂಗಳೂರು, ಉಡುಪಿಗೆ ನಿಲ್ಲಿಸಿ. ಉತ್ತರ ಕನ್ನಡವನ್ನು ಇನ್ನೊಮ್ಮೆಗೆ ಇಟ್ಟುಕೊಳ್ಳಿ.

3. ಹಿಂದಿನ ದಿನ ಫೋನ್ ಮಾಡಿ

ಈ ಹಂತವನ್ನು ಬಿಡಲೇಬೇಡಿ. ಮ್ಯಾಪ್‌ನಲ್ಲಿ ‘ತೆರೆದಿದೆ’ ಎಂದು ತೋರಿಸುವುದನ್ನು ನಂಬಿ ಒಮ್ಮೆ ಮೂವತ್ತು ಕಿಲೋಮೀಟರ್ ಹೋಗಿ ಬೀಗ ನೋಡಿ ವಾಪಸ್ ಬಂದಿದ್ದೇನೆ. ಬೀಗದ ಕೈ ಇದ್ದವರು ಮನೆಯ ಮದುವೆಗೆ ಹೋಗಿದ್ದರು. ಅವರದ್ದೇನೂ ತಪ್ಪಿಲ್ಲ, ಕೇಳದೇ ಹೋದದ್ದು ನಾನು.

ಫೋನಲ್ಲಿ ಇಷ್ಟು ಕೇಳಿ: ನಾಳೆ ತೆರೆದಿರುತ್ತದಾ? ಮಧ್ಯಾಹ್ನ ಊಟಕ್ಕೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಮುಚ್ಚುತ್ತೀರಿ? ಕೊನೆಯ ಟಿಕೆಟ್ ಎಷ್ಟು ಹೊತ್ತಿಗೆ? ತೋರಿಸಿ ಹೇಳುವವರು ಇರುತ್ತಾರಾ? ಫೋಟೋ ತೆಗೆಯಬಹುದಾ? ವಯಸ್ಸಾದವರಿದ್ದರೆ ಮೆಟ್ಟಿಲು ಎಷ್ಟಿವೆ ಎಂದೂ ಕೇಳಿಕೊಳ್ಳಿ. ಮಧ್ಯಾಹ್ನದ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಒಂದು ಗಂಟೆಗೆ ಐದು ನಿಮಿಷ ಇರುವಾಗ ಹೋಗಿ ನಿಂತರೆ ಒಳಗೆ ಬಿಟ್ಟರೂ ಸಮಾಧಾನದಲ್ಲಿ ನೋಡಲು ಆಗುವುದಿಲ್ಲ, ಅವರ ಊಟವೂ ತಣ್ಣಗಾಗುತ್ತದೆ.

ಹತ್ತಕ್ಕಿಂತ ಹೆಚ್ಚು ಜನ ಇದ್ದರೆ ಅದನ್ನೂ ಮೊದಲೇ ತಿಳಿಸಿ. ಎರಡೇ ಕೋಣೆಯ ಮ್ಯೂಸಿಯಂಗೆ ಮಿನಿಬಸ್ಸಿನಷ್ಟು ಜನ ಒಮ್ಮೆಲೇ ಬಂದರೆ ಯಾರಿಗೂ ಏನೂ ಕಾಣುವುದಿಲ್ಲ.

4. ಉಬ್ಬರ, ಇಳಿತದ ಲೆಕ್ಕ ಹಾಕಿ

ನಮ್ಮ ತೀರದಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವುದು ಉಬ್ಬರ, ಇಳಿಯುವುದು ಇಳಿತ. ಇವತ್ತು ಬೆಳಿಗ್ಗೆ ಎಂಟಕ್ಕೆ ಪೂರ್ತಿ ಇಳಿದಿದ್ದರೆ ನಾಳೆ ಅದು ಆಗುವುದು ಎಂಟು ಐವತ್ತರ ಸುಮಾರಿಗೆ. ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸಮಯಕ್ಕೆ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ.

ನೀವು ಹೋಗುವ ದಿನದ ಇಳಿತದ ಹೊತ್ತನ್ನು ಫೋನಿನ ಯಾವುದಾದರೂ ಟೈಡ್ ಆ್ಯಪ್‌ನಲ್ಲಿ ನೋಡಿ ಬರೆದುಕೊಳ್ಳಿ. ಕಾಂಡ್ಲವನದಲ್ಲಿ ನಡೆಯುವುದಕ್ಕೆ, ಬಂಡೆಗಳ ನಡುವಿನ ಗುಂಡಿಗಳಲ್ಲಿ ಸಿಕ್ಕಿಕೊಂಡ ಸಣ್ಣ ಜೀವಿಗಳನ್ನು ನೋಡುವುದಕ್ಕೆ ಪೂರ್ತಿ ಇಳಿಯುವ ಒಂದು ಗಂಟೆ ಮೊದಲೇ ಹೋಗಬೇಕು. ನೀರು ಇಳಿಯುತ್ತಾ ಇರುವಾಗ ನೋಡಿಕೊಂಡು, ತಿರುಗಿ ಏರಲು ಶುರುವಾದಾಗ ಹೊರಡುವುದು. ದೋಣಿಯಲ್ಲಿ ಹಿನ್ನೀರು ಸುತ್ತುವುದಾದರೆ ಇದಕ್ಕೆ ತದ್ವಿರುದ್ಧ, ಉಬ್ಬರದ ಹೊತ್ತೇ ಬೇಕು. ಇಳಿತದಲ್ಲಿ ದೋಣಿ ಒಳ ತೋಡುಗಳಿಗೆ ಹೋಗುವುದಿಲ್ಲ.

ಆ್ಯಪ್ ಹೇಳುವುದು ನೀರಿನ ಮಟ್ಟವನ್ನು ಮಾತ್ರ, ಅಲೆಯ ಜೋರನ್ನು ಹೇಳುವುದಿಲ್ಲ. ಅದಕ್ಕೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆಗಳ ಎಚ್ಚರಿಕೆ ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇದನ್ನು ಮರೆಯಬೇಡಿ. ಆಕಾಶ ತಿಳಿಯಾಗಿದ್ದು ಗಾಳಿ ಇಲ್ಲದಿದ್ದರೂ ಎಲ್ಲೋ ದಕ್ಷಿಣದ ಮಹಾಸಾಗರದಲ್ಲಿ ಎದ್ದ ಅಲೆಗಳು ಇಲ್ಲಿಗೆ ಬಂದು ಬಡಿಯುವುದುಂಟು. ಕೇರಳದವರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ, ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು.

5. ದಿನವನ್ನು ಜೋಡಿಸಿಕೊಳ್ಳಿ

ಬಯಲಲ್ಲಿರುವುದನ್ನು ಬೆಳಿಗ್ಗೆ ಹತ್ತೂವರೆಯೊಳಗೆ, ಇಲ್ಲವೇ ನಾಲ್ಕರ ನಂತರ. ನಡುವಿನ ಹೊತ್ತು ಮ್ಯೂಸಿಯಂಗೆ. ಊಟದ ವಿರಾಮಕ್ಕೆ ಅವರು ಮುಚ್ಚಿದಾಗ ನೀವೂ ಊಟ ಮಾಡಿ.

ಉಡುಪಿಯ ಒಂದು ದಿನ ಹೀಗಿರಬಹುದು. ಬೆಳಿಗ್ಗೆ ಬೇಗ ಮಲ್ಪೆಗೆ ಹೋಗಿ ಮೊದಲ ದೋಣಿ ಹಿಡಿಯಿರಿ. ದೋಣಿ ಭರ್ತಿಯಾದ ಮೇಲೆಯೇ ಬಿಡುವುದು, ಅದಕ್ಕಾಗಿ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಹನ್ನೊಂದೂವರೆಗೆ ದಡ ಸೇರಿದರೆ ಊಟ ಮುಗಿಸಿ ಎರಡು ಗಂಟೆಗೆ ಮಣಿಪಾಲದ ಹೆರಿಟೇಜ್ ವಿಲೇಜ್. ಅಲ್ಲಿಂದ ಬೇಗ ಹೊರಬಿದ್ದರೆ ಕಾಪು. ತಡವಾದರೆ ಕಾಪುವನ್ನು ಬಿಟ್ಟುಬಿಡಿ. ಮಣಿಪಾಲದ ಮನೆಗಳನ್ನು ಓಡುತ್ತಾ ನೋಡುವುದು ಬೇಡ.

ಐಎನ್‌ಎಸ್ ಚಪಲ್‌ಗೆ ಮಾತ್ರ ಮಧ್ಯಾಹ್ನದ ನಿಯಮ ಹೊಂದುವುದಿಲ್ಲ. ಅದು ಕಬ್ಬಿಣದ ಹಡಗು. ಮಟಮಟ ಮಧ್ಯಾಹ್ನ ಮೇಲ್ಭಾಗ ಕಾದ ಕಾವಲಿಯಾಗಿರುತ್ತದೆ. ಸಂಜೆಗೆ ಹೋಗಿ, ಒಳಗೆ ಏಣಿ ಇಳಿಯುವಾಗ ತಲೆ ತಗ್ಗಿಸಿ.

ಗಾಡಿ ಇಲ್ಲದವರಿಗೂ ಕಷ್ಟವಿಲ್ಲ. ಮಂಗಳೂರು, ಉಡುಪಿ ನಡುವೆ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೊಂದು ಓಡುತ್ತಿರುತ್ತವೆ. ಎಕ್ಸ್‌ಪ್ರೆಸ್ ಎಲ್ಲ ಕಡೆ ನಿಲ್ಲುವುದಿಲ್ಲ, ಸಣ್ಣ ಸ್ಟಾಪಿಗೆ ಸರ್ವಿಸ್ ಬಸ್ಸೇ ಹತ್ತಬೇಕು. ಹತ್ತುವಾಗಲೇ ಕಂಡಕ್ಟರ್‌ಗೆ ಊರಿನ ಹೆಸರು ಹೇಳಿ ಕೇಳಿಕೊಳ್ಳಿ. ಹೊನ್ನಾವರ, ಕಾರವಾರದ ಕಡೆಗೆ ಕೊಂಕಣ ರೈಲು ಒಳ್ಳೆಯದು, ಆದರೆ ನಿಲ್ದಾಣಗಳು ಪೇಟೆಯಿಂದ ದೂರ.

6. ಮ್ಯೂಸಿಯಂ ಒಳಗೆ: ಒಂದು ವಸ್ತು, ಒಂದು ಪ್ರಶ್ನೆ

ಇಲ್ಲಿಯೇ ಹೆಚ್ಚಿನವರು ಸೋಲುವುದು. ಸಣ್ಣ ಮ್ಯೂಸಿಯಂಗಳಲ್ಲಿ ಫಲಕದ ಮೇಲೆ ಒಂದೇ ಒಂದು ಪದ ಇರುತ್ತದೆ: ‘ಮುಡಿ’, ‘ಕಳಸೆ’, ‘ಮೊಗ’. ಓದಿದವರು ಹೂಂ ಎಂದು ಮುಂದೆ ಹೋಗುತ್ತಾರೆ. ಹೇಳುವವರು ಪಕ್ಕದಲ್ಲೇ ನಿಂತಿರುತ್ತಾರೆ, ಕೇಳುವವರಿರುವುದಿಲ್ಲ.

ಒಂದು ವಸ್ತುವಿನ ಮುಂದೆ ನಿಂತು ಕೇಳಿ: “ಅಣ್ಣಾ, ಇದನ್ನು ಎಂತಕ್ಕೆ ಉಪಯೋಗಿಸ್ತಿದ್ರು?” ಅಷ್ಟು ಸಾಕು. ಉದಾಹರಣೆಗೆ ಅಕ್ಕಿಮುಡಿ. ದೂರದಿಂದ ನೋಡಿದರೆ ಒಣಹುಲ್ಲಿನ ದೊಡ್ಡ ಚೆಂಡು. ಹತ್ತಿರ ಹೋಗಿ, ಹುಲ್ಲಿನ ಹಗ್ಗ ಎಷ್ಟು ಒತ್ತೊತ್ತಾಗಿ ಸುತ್ತು ಬಂದಿದೆ ನೋಡಿ. ಹುಲ್ಲನ್ನು ಹಾಸಿ, ಅಕ್ಕಿ ತುಂಬಿಸಿ, ತುದಿಗಳನ್ನು ಒಟ್ಟುಗೂಡಿಸಿ, ಕಾಲಲ್ಲಿ ಒತ್ತಿಹಿಡಿದು ಹಗ್ಗ ಎಳೆದು ಬಿಗಿಯುತ್ತಾ ಹೋದರೆ ಕೊನೆಗೆ ಒಂದು ಕಾಳೂ ಹೊರಬೀಳದಷ್ಟು ಗಟ್ಟಿಯಾದ ಉಂಡೆ ಆಗುತ್ತದೆ. ನಾಲ್ಕು ತಿಂಗಳು ಮಳೆ ಸುರಿಯುವ ಊರಲ್ಲಿ ಅಕ್ಕಿಗೆ ತೇವ, ಹುಳ ಹಿಡಿಯದ ಹಾಗೆ ಇಡುತ್ತಿದ್ದ ರೀತಿ ಇದು. ಗೇಣಿ ಲೆಕ್ಕವೂ ಮುಡಿಯಲ್ಲೇ ನಡೆಯುತ್ತಿತ್ತು. ಇಷ್ಟು ತಿಳಿದ ಮೇಲೆ ಪಕ್ಕದಲ್ಲಿರುವ ಸೇರು, ಕಳಸೆ ಎಲ್ಲ ತಾವಾಗಿ ಮಾತಾಡತೊಡಗುತ್ತವೆ. ಅವು ಅಕ್ಕಿ, ಭತ್ತ ಅಳೆಯುವ ಪಾತ್ರೆಗಳು.

‘ಮೊಗ’ ಎಂದರೆ ದೈವದ ಲೋಹದ ಮುಖವಾಡ. ಅದರ ಮುಂದೆ ನಿಂತು ಸೆಲ್ಫಿ, ನಗು ಬೇಡ. ಮ್ಯೂಸಿಯಂನಲ್ಲಿದ್ದರೂ ಇಲ್ಲಿನ ಜನರಿಗೆ ಅದು ನಂಬಿಕೆಯ ವಸ್ತು, ನಿಮಗೆ ತೋರಿಸುತ್ತಿರುವವರ ಮನೆಯಲ್ಲೂ ದೈವದ ಆರಾಧನೆ ಇರಬಹುದು.

ಮರದ ಕಂಬ, ತೊಟ್ಟಿಲು, ತಾಳೆಗರಿ ಯಾವುದನ್ನೂ ಮುಟ್ಟಬೇಡಿ, ಕೈಯ ಬೆವರೂ ಎಣ್ಣೆಯೂ ಅದಕ್ಕೆ ಶತ್ರು. ಫ್ಲ್ಯಾಶ್ ಆಫ್ ಮಾಡಿ. ಸಂದರ್ಶಕರ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ. ಅನುದಾನ ಕೇಳುವಾಗ ಇಷ್ಟು ಜನ ಬಂದಿದ್ದರು ಎಂದು ತೋರಿಸಲು ಅದೂ ಬೇಕಾಗುತ್ತದೆ. ಕಾಣಿಕೆ ಡಬ್ಬಿ ಇದ್ದರೆ ಕೈಲಾದಷ್ಟು ಹಾಕಿ. ಚಿಲ್ಲರೆ ನೋಟು ಜೊತೆಗಿರಲಿ, ಎಲ್ಲ ಕಡೆ ಯುಪಿಐ ನಡೆಯುವುದಿಲ್ಲ, ನಡೆದರೂ ನೆಟ್‌ವರ್ಕ್ ಇರುವುದಿಲ್ಲ.

7. ದ್ವೀಪದಲ್ಲಿ ಕಾಲ ಕೆಳಗೆ ನೋಡಿ

ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಲ್ಲಿ ಬಹಳ ಜನ ನೀರಲ್ಲಿ ಆಡಿ ವಾಪಸ್ ಬರುತ್ತಾರೆ. ಆ ದ್ವೀಪದ ವಿಶೇಷವೇ ಕಲ್ಲು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಇನ್ನೂ ಭಾರತಕ್ಕೆ ಅಂಟಿಕೊಂಡಿದ್ದು ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಬಂದ ಲಾವಾ ಅದು. ಕಾದ ಲಾವಾ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಬಿಡುತ್ತದೆ. ಬಿರುಕು ಮೇಲಿಂದ ಆಳಕ್ಕೆ ಇಳಿದು ಕಲ್ಲೆಲ್ಲ ಕಂಬ ಕಂಬವಾಗುತ್ತದೆ. ಒಣಗಿದ ಕೆರೆಯ ಅಂಗಳದಲ್ಲಿ ಕೆಸರು ಬಿರಿದದ್ದನ್ನು ನೋಡಿದ್ದರೆ ಅದೇ ಚಿತ್ರ ಇಲ್ಲಿ ಕಲ್ಲಿನಲ್ಲಿದೆ. ಕಂಬದ ತಲೆಯ ಮೇಲೆ ನಿಂತು ಮೂಲೆ ಎಣಿಸಿ: ಕೆಲವಕ್ಕೆ ಐದು, ಹೆಚ್ಚಿನವಕ್ಕೆ ಆರು, ಅಲ್ಲೊಂದು ಇಲ್ಲೊಂದು ಏಳು. ಮಕ್ಕಳನ್ನು ಕರೆದುಕೊಂಡು ಹೋದರೆ ಎಣಿಸುವ ಕೆಲಸ ಅವರಿಗೇ ಕೊಡಿ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಲಿನ ಮೇಲೆ ಹೆಸರು ಕೆತ್ತುವುದು, ಚೂರು ಒಡೆದು ತರುವುದು ಖಂಡಿತ ಕೂಡದು.

ನೆರಳು ಎಂದರೆ ತೆಂಗಿನ ಮರಗಳದ್ದು ಮಾತ್ರ. ಟೋಪಿ, ಮರುಬಳಕೆಯ ಬಾಟಲಿಯಲ್ಲಿ ನೀರು, ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕೇ ಬೇಕು. ಹವಾಯಿ ಚಪ್ಪಲಿ ಪಾಚಿಗಟ್ಟಿದ ಕಂಬದ ಮೇಲೆ ಜಾರುತ್ತದೆ. ವಾಪಸ್ ದೋಣಿಯ ಹೊತ್ತನ್ನು ಇಳಿಯುವಾಗಲೇ ಕೇಳಿಕೊಳ್ಳಿ.

ಕಾಂಡ್ಲವನದಲ್ಲೂ ಕಣ್ಣು ಕೆಳಗೇ ಇರಲಿ. ಕೆಸರಿನಿಂದ ಮೇಲೆ ಪೆನ್ಸಿಲ್ ನೆಟ್ಟ ಹಾಗೆ ಚುಚ್ಚಿಕೊಂಡಿರುವುದು ಉಸಿರುಬೇರು, ಕೆಸರಲ್ಲಿ ಗಾಳಿ ಇಲ್ಲದ್ದರಿಂದ ಬೇರೇ ಮೇಲೆ ಬಂದು ಉಸಿರಾಡುತ್ತದೆ. ಕೊಂಬೆಯಿಂದ ನುಗ್ಗೆಕಾಯಿಯ ಹಾಗೆ ಜೋತಾಡುವುದು ಮರದಲ್ಲಿದ್ದಾಗಲೇ ಮೊಳಕೆಯೊಡೆದ ಬೀಜ. ಐದು ನಿಮಿಷ ಮಾತಾಡದೆ ನಿಂತರೆ ಏಡಿಗಳು ಬಿಲದಿಂದ ಹೊರಗೆ ಬರುತ್ತವೆ. ನಡಿಗೆ ಹಲಗೆಯ ಮೇಲೆ ಓಡಿದರೆ ಅಷ್ಟೂ ಒಳಗೆ.

8. ಎಚ್ಚರ ತಪ್ಪಬಾರದ ಕಡೆ

ನೀರಿಗೆ ಇಳಿಯುವುದಾದರೆ ಜೀವರಕ್ಷಕರು ಇರುವ ಕಡೆ ಮಾತ್ರ, ಕೆಂಪು ಬಾವುಟ ಇದ್ದರೆ ಬೇಡವೇ ಬೇಡ. ದಡದಿಂದ ಒಳಗೆ ಎಳೆದೊಯ್ಯುವ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ನೇರ ಈಜಬೇಡಿ, ಸುಸ್ತಾಗುತ್ತದೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಿ. ಅಳಿವೆಯ ಬಾಯಲ್ಲಿ ನೀರು ಎಷ್ಟೇ ಶಾಂತ ಕಂಡರೂ ಇಳಿಯಬೇಡಿ, ಇಳಿತದ ಹೊತ್ತಿಗೆ ಹೊಳೆ, ಕಡಲು ಎರಡರ ಎಳೆತವೂ ಒಂದೇ ದಿಕ್ಕಿಗಿರುತ್ತದೆ.

ಚಿಪ್ಪು, ಶಂಖ, ಹವಳ ಆಯ್ದುಕೊಂಡು ಬರುವ ಅಭ್ಯಾಸ ಬಿಡಿ. ಹವಳ ಮತ್ತು ಹಲವು ಬಗೆಯ ಶಂಖಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಯಾವುದು ಬರುತ್ತದೆ, ಯಾವುದು ಇಲ್ಲ ಎಂದು ನೀವು ದಡದಲ್ಲಿ ನಿಂತು ಗುರುತಿಸಲಾರಿರಿ. ಖಾಲಿ ಶಂಖ ಎಂದುಕೊಂಡದ್ದರೊಳಗೆ ಸನ್ಯಾಸಿ ಏಡಿ ಸಂಸಾರ ಹೂಡಿರುತ್ತದೆ.

ಚಳಿಗಾಲದ ತಿಂಗಳುಗಳಲ್ಲಿ ಕಡಲಾಮೆಗಳು ನಮ್ಮ ಮರಳಿಗೆ ಮೊಟ್ಟೆಯಿಡಲು ಬರುತ್ತವೆ. ಬೆಳಗಿನ ನಡಿಗೆಯಲ್ಲಿ ನೀರಿನಿಂದ ಮೇಲಕ್ಕೆ ಟ್ರ್ಯಾಕ್ಟರ್ ಚಕ್ರ ಹೋದ ಹಾಗೆ ಗುರುತು ಕಂಡರೆ ಅದರ ಮೇಲೆ ನಡೆಯಬೇಡಿ, ಅಗೆಯಬೇಡಿ, ಜಾಗದ ಫೋಟೋ ಹಾಕಿ ಹಂಚಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ಜಾಗ ಹೇಳಿ, ನಾಯಿಗಳು ಹತ್ತಿರ ಬರದ ಹಾಗೆ ಅವರು ಬರುವ ತನಕ ಸ್ವಲ್ಪ ದೂರದಲ್ಲಿ ನಿಂತಿರಿ.